ಬೆಟ್ಟದ ರೈಲಿನ ಆ ವೀಡಿಯೊ

ಆ ವೀಡಿಯೊ ತೆಗೆದವನು ನಾನು. ಕಳಿಸಿದವನೂ ನಾನೇ. ಒಂಬತ್ತು ವರ್ಷದ ಒಂದು ಹುಡುಗಿ ನನ್ನ ಬದಲಿಗೆ ತಪ್ಪು ಒಪ್ಪಿಕೊಂಡಳು, ನನ್ನ ಕಣ್ಣೆದುರಿಗೇ — ಮತ್ತು ನಾನು ಮುಂದಿದ್ದ ಚಹಾವನ್ನು ಕುಡಿದು ಮುಗಿಸಿದೆ.

ಇಷ್ಟನ್ನು ನೇರವಾಗಿ ಬರೆಯಲು ನನಗೆ ಏಳು ವರ್ಷ ಬೇಕಾಯಿತು. ಈಗಲೂ ಕೈ ಬೇರೆ ವಾಕ್ಯಗಳ ಕಡೆಗೆ ಜಾರುತ್ತದೆ. ತಮಾಷೆಗೆ ಮಾಡಿದ್ದು, ಇಷ್ಟು ದೂರ ಹೋಗುತ್ತದೆಂದು ಗೊತ್ತಿರಲಿಲ್ಲ... ಅವು ಬರೆಯಲು ಸುಲಭವಾದ ವಾಕ್ಯಗಳು. ನಿಜವಲ್ಲ.

ನಾವು ಮೂವರಿದ್ದೆವು. ನಾನು ಸುರತ್ಕಲ್ ಕಡೆಯವನು, ಕತಾರಿನ ಮೆಸಯೀದ್‌ನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಪುರಂದರ ಅದೇ ಕಾರ್ಖಾನೆಯಲ್ಲಿ ಫೋರ್‌ಮನ್. ಎತ್ತರದ ಗೋಪುರಗಳ ರಿಪೇರಿಗೆ ಮೊದಲು ಅವುಗಳ ಸುತ್ತ ಕಬ್ಬಿಣದ ಪೈಪುಗಳ ಅಟ್ಟಣೆ ಕಟ್ಟುತ್ತಾರಲ್ಲ, ಆ ತಂಡ ಅವನದು. ನಾವು ಉಳಿದುಕೊಂಡಿದ್ದ ಕಂಪನಿ ಕ್ಯಾಂಪಿನ ವಾಲಿಬಾಲ್ ತಂಡಕ್ಕೂ ಅವನೇ ಕ್ಯಾಪ್ಟನ್. ಅವನು ಮೆಸ್ಸಿಗೆ ಬಂದರೆ ನಾಲ್ಕು ಮಂದಿ ಎದ್ದು ಜಾಗ ಕೊಡುತ್ತಿದ್ದರು. ಮೂರನೆಯವನು ಹನೀಫ್, ಬಂಟ್ವಾಳದವನು, ನಮಗಿಂತ ಕಿರಿಯ. ದೋಹಾದಲ್ಲಿ ಪರದೆ ಬಟ್ಟೆಯ ಅಂಗಡಿ, ಐನ್ ಖಾಲಿದ್‌ನಲ್ಲಿ ಮನೆ, ಹೆಂಡತಿ, ಮಗಳು ಶಿಫಾ. ಕ್ಯಾಂಪಿನಲ್ಲಿ ಒಂಟಿಯಾಗಿದ್ದ ನಮ್ಮಿಬ್ಬರಿಗೂ ಶುಕ್ರವಾರದ ಊಟ ಅವರ ಮನೆಯಲ್ಲೇ. ಶಿಫಾ ಪುರಂದರನ ತೋಳಿಗೆ ಜೋತುಬೀಳುತ್ತಿದ್ದಳು. ನನ್ನ ಹತ್ತಿರ ಬಂದು ಸುಮ್ಮನೆ ನಗುತ್ತಿದ್ದಳು, ಅಷ್ಟೇ.

ಪುರಂದರನಿಗೆ ಒಂದು ಮಾತು ಅಭ್ಯಾಸವಾಗಿತ್ತು. ಮೆಸ್ಸಿನಲ್ಲಿ ನಾನೇನಾದರೂ ಹೇಳಿದರೆ, "ಏಸಿಯಲ್ಲಿ ಕೂತವನಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು ಮಾರಾಯ" ಎಂದು ಬೆನ್ನಿಗೆ ತಟ್ಟುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದು ಒಳಗೆ ಎಲ್ಲೋ ಸೇರಿಕೊಳ್ಳುತ್ತಿತ್ತು ಎನ್ನುವುದು — ನನಗೂ ಆಗ ಪೂರ್ತಿ ತಿಳಿದಿರಲಿಲ್ಲವೋ, ತಿಳಿದೂ ಒಪ್ಪಿರಲಿಲ್ಲವೋ.

ಆ ವರ್ಷ ಈದ್ ರಜೆಗೆ ಜಾರ್ಜಿಯಾಕ್ಕೆ ಹೋಗೋಣವೆಂದು ಹೊರಡಿಸಿದ್ದು ಹನೀಫ್. ಕತಾರಿನಲ್ಲಿ ಕೆಲಸಕ್ಕಿರುವವರಿಗೆ ಅಲ್ಲಿಯ ವೀಸಾ ಸುಲಭ, ವಿಮಾನದ ದಾರಿಯೂ ಹೆಚ್ಚಿಲ್ಲ. ಅವನ ಅತ್ತೆ ಊರಿನಿಂದ ಬಂದಿದ್ದರಿಂದ ಹೆಂಡತಿ, ಮಗಳು ಮನೆಯಲ್ಲೇ ಉಳಿದರು. ನಾವು ಮೂವರೇ ಹೋದೆವು. ವರ್ಷವಿಡೀ ಸಪಾಟಾದ ಮರಳನ್ನೇ ಕಂಡವರಿಗೆ ಬೆಟ್ಟವೆಂದರೆ ಹಸಿವಿದ್ದಂತೆ. ಟಿಬಿಲಿಸಿ ನಗರದಲ್ಲಿ ಎಲ್ಲಿ ನಿಂತರೂ ತಲೆಯ ಮೇಲೊಂದು ಬೆಟ್ಟ ಕಾಣುತ್ತದೆ. ಅದರ ಮೈಮೇಲೆ ಬೈತಲೆಯಂತೆ ನೇರವಾಗಿ ಒಂದು ರೈಲು ದಾರಿ. ನೂರು ವರ್ಷಕ್ಕೂ ಹಳೆಯದು. ಫ್ಯುನಿಕ್ಯುಲರ್ ಎನ್ನುತ್ತಾರೆ. ಉಕ್ಕಿನ ಹಗ್ಗಕ್ಕೆ ಕಟ್ಟಿದ ಎರಡು ಬೋಗಿ, ಒಂದು ಇಳಿಯುವಾಗ ಅದರ ಭಾರದ ಆಸರೆಯಲ್ಲಿ ಇನ್ನೊಂದು ಏರುತ್ತದೆ. ಪ್ರವಾಸಿಗಳು ತಪ್ಪದೆ ಹತ್ತುತ್ತಾರೆ.

ಹತ್ತುವ ದಿನ ಬೆಳಿಗ್ಗೆ ಹನೀಫ್ ಸ್ನಾನಕ್ಕೆ ಹೋಗಿದ್ದ. ಪುರಂದರ ಹಾಸಿಗೆಯ ತುದಿಯಲ್ಲಿ ಕೂತು ಶೂ ಲೇಸು ಕಟ್ಟುತ್ತಾ ಕಟ್ಟುತ್ತಾ ನಿಲ್ಲಿಸಿದ.

"ಸತೀಶ, ಒಂದು ಮಾತು ಹೇಳ್ತೇನೆ. ಯಾರಿಗೂ ಹೇಳ್ಬೇಡ."

ಎರಡು ತಿಂಗಳ ಹಿಂದೆ ಅವನ ತಂಡದ ಒಬ್ಬ ಕೆಲಸಗಾರ ಮೇಲಿನಿಂದ ಜಾರಿದ್ದ. ಸೊಂಟದ ಬೆಲ್ಟು ಹಿಡಿದು ನಿಲ್ಲಿಸಿತು, ಜೀವ ಉಳಿಯಿತು. ಅಷ್ಟು ನನಗೂ ಗೊತ್ತಿತ್ತು. ನನಗೆ ಗೊತ್ತಿಲ್ಲದ್ದು — ಅವನನ್ನು ಕೆಳಗಿಳಿಸುವ ತನಕ ಪುರಂದರ ಮೇಲಿನಿಂದ ಅವನ ಮುಖವನ್ನೇ ನೋಡುತ್ತಾ ಮಾತಾಡಿಸುತ್ತಾ ಇದ್ದದ್ದು. ಅಂದಿನಿಂದ ಏಣಿ ಹತ್ತಿದರೆ ಮೊಣಕಾಲು ನಡುಗುತ್ತದಂತೆ. ಹುಡುಗರ ಎದುರು ಹೇಗೋ ನಿಭಾಯಿಸುತ್ತಿದ್ದೇನೆ, ರಾತ್ರಿ ನಿದ್ದೆಯಿಲ್ಲ ಎಂದ.

"ಈ ರೈಲಲ್ಲಿ ಕೂತು ನೋಡ್ತೇನೆ ಮಾರಾಯ. ಇದು ಆದ್ರೆ ಅದೂ ಆಗ್ತದೆ."

ನಾನು ಅವನ ಭುಜದ ಮೇಲೆ ಕೈಯಿಟ್ಟು, "ಎಂತ ಆಗುದಿಲ್ಲ, ನಾನಿದ್ದೇನೆ" ಎಂದೆ. ಈ ಮಾತನ್ನೂ ಇಲ್ಲಿ ಬರೆದಿಡಬೇಕು. ನಾನಿದ್ದೇನೆ ಎಂದೇ ಹೇಳಿದ್ದೆ.

ಕೆಳಗಿನ ನಿಲ್ದಾಣದಲ್ಲಿ ಸಾಲು ಉದ್ದವಿತ್ತು. ರಷ್ಯನ್ ಮಾತಾಡುವ ಅಜ್ಜಿಯರು, ಸೌದಿಯಿಂದ ಬಂದ ಕುಟುಂಬಗಳು, ಐಸ್‌ಕ್ರೀಂ ಹಿಡಿದ ಮಕ್ಕಳು. ಬೋಗಿಯೊಳಗೆ ನೆಲ ಮೆಟ್ಟಿಲು ಮೆಟ್ಟಿಲಾಗಿತ್ತು, ಸುತ್ತ ಗಾಜು. ಹನೀಫ್ ಮುಂದಿನ ಗಾಜಿಗೆ ಅಂಟಿಕೊಂಡು ಫೋನು ಹಿಡಿದು ನಿಂತ — ಮಗಳಿಗೆ ತೋರಿಸಲೆಂದು ಅವನು ಪ್ರವಾಸವಿಡೀ ವೀಡಿಯೊ ತೆಗೆಯುತ್ತಲೇ ಇದ್ದ. ಪುರಂದರ ಹಿಂದಿನ ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡ. ನಾನು ಅವನೆದುರು.

ಬೋಗಿ ಸದ್ದಿಲ್ಲದೆ ಹೊರಟಿತು. ಮೊದಲು ಮನೆಗಳ ಹೆಂಚಿನ ಮಾಡು, ಮರದ ಜಗಲಿಗಳು, ಒಣಹಾಕಿದ ಬಟ್ಟೆ. ಆಮೇಲೆ ಅವೆಲ್ಲ ಕಾಲಿನ ಕೆಳಕ್ಕೆ ಹೋದವು. ನದಿ ಕಂಡಿತು. ನಗರ ಹರಡುತ್ತಾ ಹೋಯಿತು. ಸುಂದರವಾಗಿತ್ತು, ನಿಜಕ್ಕೂ ಸುಂದರವಾಗಿತ್ತು. ನಡುದಾರಿಯಲ್ಲಿ ಹಳಿ ಎರಡಾಗಿ ಒಡೆಯುವಲ್ಲಿ ಮೇಲಿನ ಬೋಗಿ ನಮ್ಮ ಪಕ್ಕದಿಂದಲೇ ಇಳಿದುಹೋಯಿತು. ಅದರೊಳಗಿನ ಮಕ್ಕಳು ಕೈಬೀಸಿದರು. ಬೋಗಿ ಇನ್ನೂ ಕಡಿದಾದ ಜಾಗಕ್ಕೆ ಬಂದಾಗ ಪುರಂದರ ಹಿಂದಕ್ಕೆ ತಿರುಗಿ ಕೆಳಗೆ ನೋಡಿದ. ನೋಡಬಾರದಿತ್ತು. ಕಂಬ ಹಿಡಿದ ಕೈ ಹಾಗೇ ಜಾರುತ್ತಾ ಬಂತು. ಆ ಎತ್ತರದ ಆಳು ಮೆಟ್ಟಿಲಿನ ಮೇಲೆ ಕುಸಿದು ಕೂತ, ಮೊಣಕಾಲಿನ ನಡುವೆ ತಲೆಯಿಟ್ಟ. ಕಣ್ಣು ಮುಚ್ಚಿತ್ತು. "ಅಮ್ಮಾ... ಅಮ್ಮಾ..." ಎನ್ನುತ್ತಿದ್ದ, ಚಿಕ್ಕ ಮಕ್ಕಳ ದನಿಯಲ್ಲಿ.

ಆಗ ನಾನು ಮಾಡಬೇಕಾದದ್ದು ಬಗ್ಗಿ ಅವನ ಕೈ ಹಿಡಿಯುವುದು. ನಾನು ಫೋನು ತೆಗೆದೆ.

ಯಾಕೆ — ಎಷ್ಟು ಸಲ ಕೇಳಿಕೊಂಡಿದ್ದೇನೆ. ಆ ಕ್ಷಣ ನನ್ನೊಳಗೆ ಹರಡಿದ್ದು ಗಾಬರಿಯಲ್ಲ, ಕನಿಕರವಲ್ಲ. ಒಂದು ಬಗೆಯ ತಂಪು. ಬೇಸಿಗೆಯಲ್ಲಿ ಏಸಿ ಕೋಣೆಯ ಬಾಗಿಲು ತೆರೆದಾಗ ಮುಖಕ್ಕೆ ಬರುತ್ತದಲ್ಲ, ಹಾಗೆ. ಎಲ್ಲರೂ ಎದ್ದು ಜಾಗ ಕೊಡುವ ಮನುಷ್ಯ ನನ್ನ ಕಾಲಬುಡದಲ್ಲಿ ಕೂತು ಅಮ್ಮನನ್ನು ಕರೆಯುತ್ತಿದ್ದ, ಮತ್ತು ನನಗೆ ಅದು ಹಿತವಾಗಿತ್ತು.

ಶಬ್ದ ಕೇಳಿ ಹನೀಫ್ ತಿರುಗುವಷ್ಟರಲ್ಲಿ ನನ್ನ ಫೋನು ಜೇಬಿನಲ್ಲಿತ್ತು. ಅವನು ತನ್ನದನ್ನು ಜೇಬಿಗೆ ಹಾಕಿಕೊಂಡು ಓಡಿಬಂದ, ಪುರಂದರನ ಪಕ್ಕ ನೆಲದಲ್ಲೇ ಕೂತ, ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದ. "ಏನಿಲ್ಲ ಪುರಂದರಣ್ಣ, ಬಂತು, ಈಗ ಬಂತು" ಎನ್ನುತ್ತಾ ಮೇಲಿನ ನಿಲ್ದಾಣದ ತನಕ ಅವನ ಬೆನ್ನು ಸವರಿದ. ಹಿಂತಿರುಗುವಾಗ ಟ್ಯಾಕ್ಸಿಯಲ್ಲಿ ಇಳಿದೆವು.

ಅವತ್ತು ಸಂಜೆ ಆ ವೀಡಿಯೊವನ್ನು ಕ್ಯಾಂಪಿನಲ್ಲಿದ್ದ ನನ್ನ ರೂಮ್‌ಮೇಟಿಗೆ ಕಳಿಸಿದೆ. ಜೊತೆಗೆ ಎರಡೇ ಪದ, "ನಮ್ಮ ಕ್ಯಾಪ್ಟನ್". ಯಾರಿಗೂ ಕಳಿಸಬೇಡ ಎಂದು ಬರೆಯಲಿಲ್ಲ. ಕಳಿಸುತ್ತಾನೆಂದು ಗೊತ್ತಿತ್ತು.

ನಾವು ದೋಹಾಕ್ಕೆ ಮರಳಿದ ಎರಡು ದಿನಕ್ಕೆ ಅದು ವಾಲಿಬಾಲ್ ಗ್ರೂಪಿಗೆ ಬಂತು. ಅಲ್ಲಿಂದ ಪ್ಲ್ಯಾಂಟಿನ ಗ್ರೂಪಿಗೆ, ಅಲ್ಲಿಂದ ಊರಿನ ಕಡೆಗೆ. ಮೊದಲು ಹಾಕಿದವರು ಯಾರೆಂದು ಯಾರಿಗೂ ಹೇಳಲಾಗದಂತೆ ಕೈಯಿಂದ ಕೈಗೆ ಹೋಗಿತ್ತು. ಪುರಂದರ ನಡೆದುಹೋಗುವಾಗ ಹಿಂದಿನಿಂದ ಯಾರಾದರೂ ರೈಲಿನ ಸೀಟಿಯ ಸದ್ದು ಮಾಡುತ್ತಿದ್ದರು. "ಅಮ್ಮಾ" ಎನ್ನುತ್ತಿದ್ದರು. ಅವನು ಕೈ ಹಿಡಿದು ಕೆಲಸ ಕಲಿಸಿದ ಹುಡುಗರೇ. ಅವನು ವಾಲಿಬಾಲ್ ಬಿಟ್ಟ. ಆಮೇಲೆ ತಾನೇ ಕೇಳಿ ಸ್ಟೋರಿನ ಕೆಲಸಕ್ಕೆ ಹೋದ. ಮೆಸ್ಸಿನಲ್ಲಿ ಮೂಲೆಯ ಮೇಜು ಹಿಡಿದ.

ಕೆಲವು ದಿನ ಬಿಟ್ಟು ನಮ್ಮಿಬ್ಬರನ್ನೂ ದೋಹಾದ ಅಲ್ ಮನ್ಸೂರಾದಲ್ಲಿ ಒಂದು ಹೋಟೆಲಿಗೆ ಕರೆದ. ಸಿಟ್ಟು ಮಾಡಲಿಲ್ಲ. ಮುಖ ಮಾತ್ರ ಬತ್ತಿಹೋಗಿತ್ತು.

"ಅಲ್ಲಿ ಇದ್ದದ್ದು ನೀವಿಬ್ಬರೇ. ಯಾರು ಅಂತ ಒಂದು ಗೊತ್ತಾಗ್ಲಿ. ಖಲಾಸ್, ಮತ್ತೆ ನಾನು ಕೇಳುದಿಲ್ಲ."

ಬಾಯಿ ತೆರೆದರೆ ಸಾಕಿತ್ತು. ತೆರೆದೆ. ಆದರೆ ಹೊರಬಂದದ್ದು ಇದು: "ನನ್ನ ಫೋನ್ ಅವತ್ತು ಚಾರ್ಜಿಲ್ಲದೆ ಆಫ್ ಆಗಿತ್ತು ಮಾರಾಯ. ವೀಡಿಯೊ ತೆಗೀತಾ ಇದ್ದದ್ದು ಹನೀಫ್ ಒಬ್ಬನೇ ಅಲ್ವಾ?"

ಹನೀಫ್ ನನ್ನ ಮುಖ ನೋಡಿದ. ಅನುಮಾನದಿಂದಲ್ಲ — ನೆನಪು ಮಾಡಿಕೊಳ್ಳಲೆಂದು. ಅವನು ಅಂಥವನು. ಬೇರೆಯವರನ್ನು ಶಂಕಿಸುವ ಮೊದಲು ತನ್ನನ್ನೇ ಶಂಕಿಸುತ್ತಾನೆ. "ಹೌದು, ತೆಗೀತಾ ಇದ್ದೆ... ಆನ್ ಇದ್ದ ಹಾಗೇ ತಿರುಗಿದೆನೋ ಏನೋ" ಎಂದು ತನ್ನ ಫೋನಿನಲ್ಲಿ ಹುಡುಕಿದ. ಅಲ್ಲಿ ಇರಲಿಲ್ಲ. ಇರುವುದು ಹೇಗೆ? ಮನೆಗೆ ಹೋಗಿ ಯೋಚಿಸಿದ. ಅವನ ಫೋನು ದಿನವೂ ಶಿಫಾಳ ಕೈಯಲ್ಲಿ. ಆಟಗಳಿಗೆ ಜಾಗ ಸಾಲದೆ ಅವಳು ಅದರಲ್ಲಿದ್ದ ವೀಡಿಯೊಗಳನ್ನು ಅಳಿಸಿಹಾಕುತ್ತಿದ್ದಳು. ಕೇಳಿದಾಗ ಅವಳು ಹೆದರಿ ಬಿಳಿಚಿಕೊಂಡಳಂತೆ — ಬೇರೆ ಏನನ್ನೋ ಅಳಿಸಿದ್ದಳು, ಅದಕ್ಕೆ. ಆ ಹೆದರಿಕೆಯನ್ನೇ ಅವನು ಒಪ್ಪಿಗೆ ಎಂದುಕೊಂಡ. ಯಾರಿಗೋ ಕಳಿಸಿ ಆಮೇಲೆ ಅಳಿಸಿದ್ದಾಳೆ ಎಂದು ತೀರ್ಮಾನವಾಯಿತು.

ಮರುವಾರ ಅದೇ ಹೋಟೆಲಿಗೆ ಅವಳನ್ನು ಕರೆತಂದ. ಶಾಲೆಯ ಯೂನಿಫಾರ್ಮಿನಲ್ಲೇ ಇದ್ದಳು, ಕಣ್ಣು ಊದಿತ್ತು. ಪುರಂದರನ ತೋಳಿಗೆ ಜೋತುಬೀಳುತ್ತಿದ್ದವಳು ಮೇಜಿನ ಆಚೆ ನಿಂತಳು.

"ಹೇಳು" ಎಂದ ಹನೀಫ್.

"ಸಾರಿ ಅಂಕಲ್. ಇನ್ನು ಫೋನ್ ಮುಟ್ಟುದಿಲ್ಲ."

ಪುರಂದರ ಅವಳ ತಲೆ ಸವರಿ, "ಆಯ್ತು ಮಗಾ, ಹೋಗ್ಲಿ" ಎಂದ. ಆದರೆ ಹನೀಫನ ಮುಖ ನೋಡಲಿಲ್ಲ. ಮಗು ತಪ್ಪು ಮಾಡಬಹುದು, ಆದರೆ ಆ ವೀಡಿಯೊ ತೆಗೆದದ್ದು ತಂದೆಯಲ್ಲವೇ — ಅದು ಅವನ ಮನಸ್ಸಿನಲ್ಲಿ ಉಳಿಯಿತು. ಎದೆಗೆ ಒತ್ತಿ ಹಿಡಿದವನೇ ಅದಕ್ಕೆ ಮೊದಲು ಫೋನು ಹಿಡಿದಿದ್ದ ಎಂದು ನಂಬಿದ. ಆ ದಿನದ ಬಳಿಕ ಅವನು ಐನ್ ಖಾಲಿದ್‌ನ ಆ ಮನೆಗೆ ಕಾಲಿಡಲಿಲ್ಲ.

ನಾನು ಹೋಗುತ್ತಿದ್ದೆ. ಶುಕ್ರವಾರದ ಊಟಕ್ಕೆ, ಅದೇ ಮೇಜಿಗೆ. ಹನೀಫನ ಹೆಂಡತಿ, "ಪುರಂದರಣ್ಣ ಈಗ್ಲೂ ಬರುದಿಲ್ವಾ?" ಎಂದು ಕೇಳುತ್ತಿದ್ದಳು. "ಅವನು ಸ್ವಲ್ಪ ಬದಲಾಗಿದ್ದಾನೆ" ಎಂದು ನಾನು ಉತ್ತರ ಕೊಡುತ್ತಿದ್ದೆ. ನನ್ನ ರೂಮ್‌ಮೇಟ್ ಕೆಲಸ ಬಿಟ್ಟು ಊರಿಗೆ ಹೋದ ದಿನ ಅವನಿಗೆ ಸೂಟ್‌ಕೇಸ್ ಕಟ್ಟಿಕೊಟ್ಟು, ವಿಮಾನ ನಿಲ್ದಾಣದ ತನಕ ಬಿಟ್ಟು ಬಂದೆ. ಅವನಿಗೆ ಅದು ಸ್ನೇಹವಾಗಿ ಕಂಡಿರಬೇಕು. ನನಗೆ ಮಾತ್ರ ಗೊತ್ತಿತ್ತು — ನಾನು ಸಾಕ್ಷಿಯನ್ನು ಕಳಿಸಿಕೊಡುತ್ತಿದ್ದೆ.

ಹೀಗೆ ಬಚಾವಾದೆ. ಬಚಾವಾದವನಿಗೆ ವರ್ಷಗಳು ಬೇಗ ಹೋಗುತ್ತವೆ.

ಈ ಚಳಿಗಾಲದಲ್ಲಿ ಹನೀಫನ ಮನೆಯಲ್ಲಿ ಒಂದು ಸಣ್ಣ ಕೂಟವಿತ್ತು. ಊರಿನಿಂದ ಅವನ ತಮ್ಮ ಬಂದಿದ್ದ. ಊಟವಾದ ಮೇಲೆ ಎಲ್ಲರೂ ಒಟ್ಟಿಗೆ ನಿಂತೆವು. ಶಿಫಾ ಬದಿಯಲ್ಲಿ ನಿಂತಿದ್ದಳು, ಈಗ ಹೈಸ್ಕೂಲು ಮುಗಿಸುವ ಹುಡುಗಿ. ನನ್ನ ಫೋನನ್ನು ಚಾಚಿ, "ಒಂದು ಫೋಟೊ ತೆಗಿ ಮಗಾ" ಎಂದೆ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದಳು.

"ಬೇಡ ಅಂಕಲ್. ಬೇರೆಯವರ ಫೋನ್ ನಾನು ಟಚ್ ಮಾಡುದಿಲ್ಲ."

ಯಾರಿಗೂ ಅದು ವಿಶೇಷವೆನಿಸಲಿಲ್ಲ. ಅವಳ ಅಮ್ಮ, "ಅವಳು ಹಾಗೇ, ಚಿಕ್ಕಂದಿನಿಂದ" ಎಂದು ನಗುತ್ತಾ ಫೋನು ತೆಗೆದುಕೊಂಡಳು. ಆ ಫೋಟೊದಲ್ಲಿ ನಾನು ನಗುತ್ತಿದ್ದೇನೆ. ಮನೆಗೆ ಬಂದು ಅದನ್ನು ನೋಡಿದೆ. ನೋಡಲಾಗಲಿಲ್ಲ. ಒಂದು ಮಗು ತನ್ನ ಕೈಗಳನ್ನೇ ನಂಬದಂತೆ ನಾನು ಮಾಡಿದ್ದೆ, ಮತ್ತು ಆ ಮನೆಯಲ್ಲಿ ಅದು ಅವಳ ಸ್ವಭಾವ ಎಂದಾಗಿಬಿಟ್ಟಿತ್ತು.

ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ ಮತ್ತೆ ಅದೇ ಮನೆಗೆ ಹೋದೆ. ಹನೀಫನಿಗೆ, "ಶಿಫಾಳನ್ನೂ ಕರಿ, ಅವಳ ಎದುರೇ ಹೇಳ್ಬೇಕು" ಎಂದೆ. ಕೂತ ಮೇಲೆ ಸುತ್ತು ಬಳಸಲಿಲ್ಲ. ಬಳಸಿದ್ದರೆ ಅರ್ಧದಲ್ಲೇ ಎದ್ದು ಬರುತ್ತಿದ್ದೆ.

"ಟಿಬಿಲಿಸಿಯ ಆ ವೀಡಿಯೊ ತೆಗೆದದ್ದು ನಾನು. ಕಳಿಸಿದ್ದೂ ನಾನು. ಫೋನ್ ಆಫ್ ಆಗಿತ್ತು ಅಂತ ಹೇಳಿದ್ದು ಸುಳ್ಳು. ಶಿಫಾ ಏನೂ ಮಾಡ್ಲಿಲ್ಲ. ಅವತ್ತು ಅವಳು ಸಾರಿ ಕೇಳುವಾಗಲೂ ನನಗೆ ಗೊತ್ತಿತ್ತು."

ಹನೀಫ್ ನೋಡುತ್ತಿದ್ದದ್ದು ನನ್ನನ್ನಲ್ಲ, ಮಗಳನ್ನು.

"ನಾನು ಇವಳಿಗೆ ಹೊಡೆದಿದ್ದೆ ಸತೀಶಣ್ಣ" ಎಂದ. "ನನ್ನ ಮಗಳಿಗೆ ನಾನು ಹೊಡೆದದ್ದು ಅದೊಂದೇ ಸಲ."

ಇದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದರಿಂದ ಏನೂ ಕಡಿಮೆಯಾಗುವುದಿಲ್ಲ. ಅವನು ಎದ್ದು ಒಳಗೆ ಹೋದ. ನೀರಿನ ನಲ್ಲಿ ತೆರೆದ ಸದ್ದು ಕೇಳಿಸಿತು, ಎಷ್ಟು ಹೊತ್ತಾದರೂ ಮುಚ್ಚಲಿಲ್ಲ.

ಶಿಫಾ ಕೂತಲ್ಲೇ ಇದ್ದಳು. ಅವಳ ಕನ್ನಡ ಅಷ್ಟಕ್ಕಷ್ಟೆ. ಪದಗಳನ್ನು ಹುಡುಕಿ ಹುಡುಕಿ ಹೇಳಿದಳು.

"ಅಂಕಲ್, ನಾನು ಮಾಡಿಲ್ಲ ಅಂತ ಫಸ್ಟ್ ಗೊತ್ತಿತ್ತು. ಮತ್ತೆ ಎಲ್ಲರೂ ಹೇಳಿ ಹೇಳಿ... ನಾನೇ ಏನೋ ಪ್ರೆಸ್ ಮಾಡಿದೆ ಅಂತ ಆಯ್ತು. ಈಗ್ಲೂ ನನಗೆ ಮೆಮೊರಿ ಉಂಟು, ಪ್ರೆಸ್ ಮಾಡಿದ್ದು. ಅದು ಆಗ್ಲೇ ಇಲ್ಲ, ಅಲ್ವಾ?"

"ಆಗ್ಲೇ ಇಲ್ಲ ಮಗಾ."

"ಇನ್ನೊಮ್ಮೆ ಹೇಳಿ."

"ನೀನು ಏನೂ ಮಾಡ್ಲಿಲ್ಲ. ನಾನು ಮಾಡಿದ್ದು."

ಅವಳು ಅತ್ತಳು, ಆದರೆ ನೆಟ್ಟಗೆ ಕೂತೇ ಅತ್ತಳು. ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಲೆಂದೇ ಹೋಗಿದ್ದೆ — ಆ ಮುಖ ನೋಡಿದ ಮೇಲೆ, ಇನ್ನೂ ಒಂದು ಭಾರವನ್ನು ಇವಳ ಮೇಲೆ ಹೊರಿಸುವುದು ಬೇಡವೆನಿಸಿತು. ಕಣ್ಣೊರೆಸಿಕೊಂಡು ಅವಳೇ ಹೇಳಿದಳು: "ಪುರಂದರ ಅಂಕಲಿಗೆ ಹೇಳಿ. ಮತ್ತೆ ಆ ಗ್ರೂಪಲ್ಲೂ ಹೇಳಿ. ಎಲ್ಲರೂ ನೋಡ್ಬೇಕು."

ಅಲ್ಲಿಂದ ನೇರ ಮೆಸಯೀದ್‌ಗೆ ಹೋದೆ. ಪುರಂದರ ಸ್ಟೋರಿನ ಹೊರಗೆ ಹೊಸದಾಗಿ ಬಂದ ಕೆಲಸಗಾರರಿಗೆ ಸೊಂಟದ ಬೆಲ್ಟು ತೊಡಿಸಿ ಬಿಗಿ ನೋಡುತ್ತಿದ್ದ. ಈಚೆಗೆ ಆ ಕೆಲಸವೂ ಅವನದೇ ಎಂದು ಆಫೀಸಿನಲ್ಲಿ ಕೇಳಿದ್ದೆ. ಒಬ್ಬ ನೇಪಾಳಿಗೆ ಹಿಂದಿಯಲ್ಲಿ ಹೇಳುತ್ತಿದ್ದ — ಮೇಲೆ ಹೆದರಿಕೆಯಾದರೆ ನಾಚಬೇಡ, ಆಗಲೇ ಹೇಳು, ನಾನು ನಿನ್ನನ್ನು ಇಳಿಸುತ್ತೇನೆ, ನನಗೂ ಆಗಿದೆ. ಅವರು ಹೋದ ಮೇಲೆ ನಾನು ಹೇಳಿದೆ. ಅವತ್ತು ಬೆಳಿಗ್ಗೆ ಟಿಬಿಲಿಸಿಯ ಕೋಣೆಯಲ್ಲಿ ಅವನು ನನ್ನನ್ನು ನಂಬಿ ಹೇಳಿದ್ದು ಗೊತ್ತಿದ್ದೂ ತೆಗೆದೆ ಎಂದೂ ಹೇಳಿದೆ. ನನಗೆ ಹಿತವಾಗಿತ್ತು ಎಂದೂ.

ಅವನು ಬೆಲ್ಟುಗಳನ್ನು ಒಂದೊಂದಾಗಿ ಕೊಕ್ಕೆಗೆ ತೂಗುಹಾಕಿದ.

"ಆ ವೀಡಿಯೊದಿಂದ ಒಂದು ಆಯ್ತು" ಎಂದ. "ಬಚ್ಚಿಡ್ಲಿಕ್ಕೆ ಏನೂ ಉಳಿಲಿಲ್ಲ. ಡಾಕ್ಟ್ರ ಹತ್ರ ಹೋದೆ, ನಿದ್ದೆ ಬಂತು. ಆದ್ರೆ ಅದು ನೀನು ಮಾಡಿದ ಉಪಕಾರ ಅಂತ ನಾನು ಹೇಳುದಿಲ್ಲ ಸತೀಶ. ಅದನ್ನು ನೀನೂ ಅಂದ್ಕೊಳ್ಬೇಡ."

"ಇಲ್ಲ" ಎಂದೆ.

"ಹನೀಫನ ಮನೆಯಲ್ಲಿ ಎಷ್ಟು ಶುಕ್ರವಾರ ಹೋಯ್ತು ನೋಡು. ಆ ಹುಡುಗಿ ದೊಡ್ಡದಾದದ್ದು ನಾನು ನೋಡ್ಲೇ ಇಲ್ಲ." ಸ್ಟೋರಿನ ಬಾಗಿಲು ಎಳೆದ. "ಈಗ ಹೋಗು."

ಆ ಗ್ರೂಪು ಈಗಲೂ ಇದೆ, ಹಳಬರು ಹಲವರು ಇದ್ದಾರೆ. ಅವತ್ತೇ ಅದರಲ್ಲಿ ಬರೆದೆ: ವೀಡಿಯೊ ತೆಗೆದದ್ದು ಮತ್ತು ಹರಡಿದ್ದು ನಾನು, ಪುರಂದರ ನನ್ನನ್ನು ನಂಬಿದ್ದ, ಹನೀಫ್ ಅವನನ್ನು ಹಿಡಿದುಕೊಂಡಿದ್ದ, ಹನೀಫನ ಮಗಳಿಗೆ ಇದರಲ್ಲಿ ಏನೂ ಸಂಬಂಧವಿಲ್ಲ. ಕೆಳಗೆ ನನ್ನ ಹೆಸರು ಹಾಕಿದೆ. ಕೆಲವರು ಓದಿ ಸುಮ್ಮನಾದರು. ಕೆಲವರು ಬೈದರು. ಮೆಸ್ಸಿನಲ್ಲಿ ಈಗ ನನ್ನ ಮೇಜಿಗೆ ಬರುವವರು ಕಡಿಮೆ. ಅದು ಹಾಗೇ ಇರಬೇಕಾದದ್ದು.

ಮೂರು ವಾರ ಯಾರೂ ನನಗೆ ಫೋನು ಮಾಡಲಿಲ್ಲ. ಕಳೆದ ಗುರುವಾರ ಪುರಂದರನ ಕರೆ ಬಂತು.

"ನಾಳೆ ಕಾರು ತಗೊಂಡು ಬಾ. ಐನ್ ಖಾಲಿದ್‌ಗೆ ಹೋಗ್ಲಿಕ್ಕುಂಟು. ಹನೀಫ್ ಕರೆದಿದ್ದಾನೆ."

ದಾರಿಯಲ್ಲಿ ಒಮ್ಮೆ ಮಾತ್ರ, "ಶಿಫಾ ಈಗ ಎಂತ ಓದ್ತಾಳೆ?" ಎಂದು ಕೇಳಿದ. ನನಗೆ ಗೊತ್ತಿದ್ದಷ್ಟು ಹೇಳಿದೆ. ಅವನು ಗಮನವಿಟ್ಟು ಕೇಳಿದ, ಪರೀಕ್ಷೆಗೆ ಹೋಗುವವನ ಹಾಗೆ. ಮನೆಯೆದುರು ಕಾರು ನಿಲ್ಲಿಸಿದೆ. ಅವನು ಇಳಿದು, ಬಗ್ಗಿ ಕಿಟಕಿಯಲ್ಲಿ ನನ್ನನ್ನು ನೋಡಿದ.

"ಇವತ್ತು ನೀನು ಬರುದು ಬೇಡ."

"ಗೊತ್ತು" ಎಂದೆ.

ಬಾಗಿಲು ತೆರೆದದ್ದು ಶಿಫಾ. ಅವಳು ಅವನನ್ನು ನೋಡಿದಳು, ಅವನು ಅವಳ ಎತ್ತರವನ್ನು ನೋಡಿ ಕೈಯಿಂದ ಏನೋ ಅಳತೆ ತೋರಿಸಿದ. ಹಿಂದಿನಿಂದ ಹನೀಫ್ ಬಂದ. ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಏನೂ ಇಲ್ಲ. ಹೊಸಿಲಿನ ಆಚೆ ಈಚೆ ನಿಂತರು. ಆಮೇಲೆ ಹನೀಫ್ ಬದಿಗೆ ಸರಿದ, ಪುರಂದರ ಚಪ್ಪಲಿ ಬಿಟ್ಟು ಒಳಗೆ ಹೋದ.

ಬಾಗಿಲು ಮುಚ್ಚಿತು. ನನ್ನನ್ನು ಹೊರಗಿಟ್ಟು ಮುಚ್ಚಿದ ಆ ಬಾಗಿಲನ್ನು ನೋಡಿ ನನಗೆ ನೋವಾಗುತ್ತದೆಂದುಕೊಂಡಿದ್ದೆ. ನೋವಾಯಿತು. ಜೊತೆಗೆ ಏಳು ವರ್ಷದಲ್ಲಿ ಮೊದಲ ಸಲ ಆ ಮನೆಯ ಮುಂದೆ ಕೂತು ಉಸಿರು ನೆಟ್ಟಗೆ ಬಂತು. ಹಿಂತಿರುಗುವಾಗ ಅವನನ್ನು ಕರೆದೊಯ್ಯಲು ಯಾರಾದರೂ ಬೇಕು. ಕರೆಯುವ ತನಕ ಇಲ್ಲೇ ಇರುತ್ತೇನೆ ಎಂದುಕೊಂಡು ಸೀಟನ್ನು ಹಿಂದಕ್ಕೆ ಬಾಗಿಸಿದೆ.